ಕಂಪನಿ ನಿಮ್ಮ ಜೊತೆ ಮಾತಾಡ್ತಾನೇ ಇದೆ, ಕೇಳಿಸಿಕೊಳ್ಳೋದು ಹೇಗೆ?

ಮೊದಲು ಒಂದು ಸಣ್ಣ ಕೆಲಸ. ನಿಮ್ಮ ಇಮೇಲ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಎಜಿಎಂ (ಷೇರುದಾರರ ವಾರ್ಷಿಕ ಸಭೆ) ಎಂದು ಹುಡುಕಿ. ಡಿಮ್ಯಾಟ್ ಖಾತೆಯಲ್ಲಿ ನಾಲ್ಕೈದು ಕಂಪನಿಗಳ ಷೇರು ಇದ್ದರೂ ಸಾಕು, ಸಾಲುಸಾಲು ಮೇಲ್‌ಗಳು ಬರುತ್ತವೆ. ವಾರ್ಷಿಕ ಸಭೆಯ ನೋಟಿಸ್, ವಾರ್ಷಿಕ ವರದಿಯ ಲಿಂಕ್, ಇ-ವೋಟಿಂಗ್ ಸೂಚನೆ, ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭದ ಪಾಲು) ಮೇಲಿನ ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ವಿವರ. ಒಂದನ್ನೂ ತೆರೆದಿರುವುದಿಲ್ಲ, ಅಲ್ವಾ? ನಾನೂ ತೆರೆಯುತ್ತಿರಲಿಲ್ಲ. ಕಳಿಸಿದವರ ಜಾಗದಲ್ಲಿ ಕಂಪನಿಯ ಹೆಸರೇ ಇರುವುದಿಲ್ಲ. ಕಂಪನಿಯ ಪರವಾಗಿ ಷೇರುದಾರರ ದಾಖಲೆ ನೋಡಿಕೊಳ್ಳುವ ಯಾವುದೋ ರಿಜಿಸ್ಟ್ರಾರ್ ಸಂಸ್ಥೆಯದೋ, ಡಿಮ್ಯಾಟ್ ಷೇರುಗಳನ್ನು ಇಟ್ಟುಕೊಳ್ಳುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ದೋ ಇರುತ್ತದೆ. ನೋಡಿದ ತಕ್ಷಣ ಪರ್ಸನಲ್ ಲೋನ್ ಕೊಡ್ತೀವಿ ಅನ್ನೋ ಮೇಲ್ ಥರಾನೇ ಕಾಣುತ್ತದೆ.

ಅದೇ ಹೊತ್ತಿಗೆ ವಾಟ್ಸ್ಆ್ಯಪ್‌ನಲ್ಲಿ "ಈ ಷೇರು ನಾಳೆ ಹಾರುತ್ತೆ" ಅಂತ ಬಂದರೆ ನೀಲಿ ಟಿಕ್ ಬೀಳೋಕೆ ಎರಡು ಸೆಕೆಂಡ್ ಸಾಕು.

ಕಂಪನಿ ತನ್ನ ಷೇರುದಾರರ ಜೊತೆ ಎಲ್ಲಿ, ಯಾವಾಗ, ಯಾವ ಧಾಟಿಯಲ್ಲಿ ಮಾತಾಡುತ್ತದೆ, ಅದನ್ನು ನಮ್ಮಂಥವರು ಕೇಳಿಸಿಕೊಳ್ಳೋದು ಹೇಗೆ ಅನ್ನೋದಷ್ಟೇ ಈ ಬರಹದ ವಿಷಯ. ಯಾವ ಷೇರು ಕೊಳ್ಳಬೇಕು ಅಂತ ಇಲ್ಲಿ ಸಿಗುವುದಿಲ್ಲ.

ಎರಡು ಕಾಲಂನ ನೋಟ್‌ಬುಕ್

ಕೆಲವು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಭಾವ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಒಂದು ಕಂಪನಿಯ ಹೆಸರು ಹೇಳಿದರು. "ಕಣ್ಣು ಮುಚ್ಚಿ ತಗೊಳ್ಳಿ, ಎರಡು ವರ್ಷಕ್ಕೆ ಡಬಲ್." ನಾನು ಅಕ್ಷರಶಃ ಕಣ್ಣು ಮುಚ್ಚಿಯೇ ತಗೊಂಡೆ. ಆ ಕಂಪನಿ ಏನು ತಯಾರಿಸುತ್ತದೆ ಅಂತ ಸರಿಯಾಗಿ ಗೊತ್ತಾಗಿದ್ದು ಷೇರು ಶೇ 40 ಇಳಿದ ಮೇಲೆ.

ಇಳಿದ ಮೇಲೆ ಮಾರಲಿಲ್ಲ. "ಹಾಕಿದ ದುಡ್ಡು ವಾಪಸ್ ಬಂದ ದಿನ ಮಾರ್ತೀನಿ" ಅಂದುಕೊಂಡೆ. ಅಲ್ಲಿಂದಾಚೆ ಆ ಕಂಪನಿಯ ಕಾಗದಪತ್ರ ಓದಲು ಕೂತೆ. ಬುದ್ಧಿವಂತಿಕೆಯಿಂದ ಅಲ್ಲ, ಹೊಟ್ಟೆ ಉರಿದು. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದು ನಡುವೆ ಗೆರೆ ಎಳೆದೆ. ಎಡಗಡೆ "ಹೇಳಿದ್ದು", ಬಲಗಡೆ "ಆಗಿದ್ದು". ಮೂರು ವರ್ಷದ ಕಾಗದ ಓದಿದಾಗ ಎಡಗಡೆ ಒಂದೇ ಸಾಲು ಮೂರು ಸಲ ಬಂದಿತ್ತು: "ವರ್ಷದ ಎರಡನೇ ಅರ್ಧ ಚೆನ್ನಾಗಿರುತ್ತದೆ." ಬಲಗಡೆ ಮೂರು ಸಲವೂ ಚೆನ್ನಾಗಿರಲಿಲ್ಲ. ಇದೆಲ್ಲ ಭಾವ ಹೆಸರು ಹೇಳುವ ಮೊದಲೇ ಬಹಿರಂಗವಾಗಿ, ಬಿಟ್ಟಿಯಾಗಿ ಇತ್ತು.

ಹಾಗಾಗಿ ಮೊದಲ ಹೆಜ್ಜೆ ಇದೇ. ಒಂದು ಕಂಪನಿಗೆ ನಾಲ್ಕು ಪೇಜು ಬಿಡಿ, ನಡುವೆ ಗೆರೆ ಎಳೆಯಿರಿ. ಮೊದಲ ಪೇಜಿನ ತಲೆಯಲ್ಲಿ, ಈ ಷೇರನ್ನು ಏಕೆ ಕೊಂಡೆ ಅಂತ ಎರಡು ಸಾಲು ಬರೆಯಿರಿ. "ಭಾವ ಹೇಳಿದರು" ಅಂತಿದ್ದರೆ ಅದನ್ನೇ ಬರೆಯಿರಿ, ನಾಚಿಕೆ ಬೇಡ. ಉಳಿದದ್ದೆಲ್ಲ ಈ ನೋಟ್‌ಬುಕ್ ತುಂಬಿಸುವ ಕೆಲಸ.

ಎಲ್ಲಿ ಹುಡುಕಬೇಕು

ಕಂಪನಿ ಹತ್ತು ಕಡೆ ಮಾತಾಡುತ್ತದೆ. ಟಿವಿಯಲ್ಲಿ ಸಂದರ್ಶನ, ಲಿಂಕ್ಡ್‌ಇನ್‌ನಲ್ಲಿ ಫೋಟೊ, ಪತ್ರಿಕೆಯಲ್ಲಿ ಜಾಹೀರಾತು. ಆದರೆ ಮಾತು ತಪ್ಪಿದರೆ ಕಾನೂನಿಗೆ ಉತ್ತರ ಕೊಡಬೇಕಾದ ಜಾಗ ಅಂದರೆ ಷೇರು ವಿನಿಮಯ ಕೇಂದ್ರ. ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿಗೆ ಹೋಗಿ, ಕಂಪನಿಯ ಹೆಸರು ಹಾಕಿ, ಕಾರ್ಪೊರೇಟ್ ಅನೌನ್ಸ್‌ಮೆಂಟ್ಸ್ ಅನ್ನೋ ಭಾಗ ತೆರೆಯಿರಿ. ಲಾಗಿನ್ ಬೇಡ, ದುಡ್ಡೂ ಬೇಡ.

ಇದಕ್ಕೆಲ್ಲ ಆಧಾರ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2015ರಲ್ಲಿ ತಂದ ನಿಯಮಾವಳಿ. ಮಾರುಕಟ್ಟೆಯವರು ಅದನ್ನು ಎಲ್‌ಒಡಿಆರ್ ಅಂತಾರೆ. ಅದರಲ್ಲಿ ನಿಮಗೆ ಬೇಕಾದ ಗಡುವುಗಳು ಕೆಲವೇ. ಮೂರು ತಿಂಗಳ ಫಲಿತಾಂಶ, ಆ ಮೂರು ತಿಂಗಳು ಮುಗಿದ 45 ದಿನದೊಳಗೆ ಬರಬೇಕು. ಮಾರ್ಚ್‌ಗೆ ಮುಗಿಯುವ ವರ್ಷದ ಲೆಕ್ಕಕ್ಕೆ 60 ದಿನ. ಯಾರ ಬಳಿ ಎಷ್ಟು ಷೇರು ಇದೆ ಎಂಬ ಪಟ್ಟಿಗೆ 21 ದಿನ. ಫಲಿತಾಂಶ, ಡಿವಿಡೆಂಡ್ ಥರದ ನಿರ್ಧಾರ ಬೋರ್ಡ್ ಮೀಟಿಂಗ್‌ನಲ್ಲಿ ಆದರೆ, ಮೀಟಿಂಗ್ ಮುಗಿದ 30 ನಿಮಿಷದಲ್ಲಿ ಎಕ್ಸ್‌ಚೇಂಜಿಗೆ ತಿಳಿಸಬೇಕು. ಮಾರುಕಟ್ಟೆ ಮುಚ್ಚಿದ ಮೇಲೆ ಮೀಟಿಂಗ್ ಮುಗಿದರೆ ಮೂರು ಗಂಟೆ ಟೈಮ್ ಇದೆ.

ಎಕ್ಸ್‌ಚೇಂಜ್ ಪುಟದ ಅನೌನ್ಸ್‌ಮೆಂಟ್ ಪಟ್ಟಿ ತೆರೆದರೆ ಮೊದಲು ಗಾಬರಿಯಾಗುತ್ತದೆ. ಅಷ್ಟೊಂದು ಕಾಗದ! ಅರ್ಧಕ್ಕರ್ಧ ಸುಮ್ನೆ ಬಿಡಬಹುದು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆವು ಎಂದು ಆ ಜಾಹೀರಾತಿನ ಫೋಟೊ ಕಳಿಸಿರುತ್ತಾರೆ. ಷೇರು ಸರ್ಟಿಫಿಕೇಟ್ ಕಳೆದುಹೋಗಿದೆ ಅಂತ ಯಾರೋ ಕೊಟ್ಟ ಅರ್ಜಿಯ ವಿವರ ಇರುತ್ತದೆ. (ಒಂದು ತಮಾಷೆ: ನೋಂದಾಯಿತ ಕಚೇರಿ ಇರುವ ಊರಿನ ಭಾಷೆಯ ಪತ್ರಿಕೆಯಲ್ಲೂ ಜಾಹೀರಾತು ಕೊಡಬೇಕು ಅನ್ನೋ ನಿಯಮದಿಂದಾಗಿ, ಬೆಂಗಳೂರಿನ ಎಷ್ಟೋ ಕಂಪನಿಗಳು ಷೇರುದಾರರ ಜೊತೆ ಕನ್ನಡದಲ್ಲಿ ಮಾತಾಡುವ ಏಕೈಕ ಜಾಗ ಅದೇ.) ನಿಲ್ಲಬೇಕಾದದ್ದು ಇವುಗಳ ಹತ್ತಿರ: ಫಲಿತಾಂಶ, ಕಾನ್‌ಕಾಲ್ (ವಿಶ್ಲೇಷಕರ ಜೊತೆಗಿನ ಫೋನ್ ಸಭೆ) ಪ್ರತಿ, ರಾಜೀನಾಮೆ, ಆಡಿಟರ್ (ಲೆಕ್ಕ ಪರಿಶೋಧಕ) ಬದಲಾವಣೆ, ಮಾಲೀಕರು ಸಾಲಕ್ಕೆ ಷೇರು ಅಡ ಇಟ್ಟದ್ದು, ಬೇರೆ ಕಂಪನಿ ಕೊಂಡದ್ದು.

ಫಲಿತಾಂಶದ ದಿನ

ಅವತ್ತು ಎರಡು ಫೈಲ್ ಬರುತ್ತವೆ. ಒಂದು ಬಣ್ಣಬಣ್ಣದ ಪ್ರೆಸ್ ರಿಲೀಸ್ ಅಥವಾ ಪ್ರೆಸೆಂಟೇಶನ್. ಇನ್ನೊಂದು ಸ್ಕ್ಯಾನ್ ಮಾಡಿದ, ಸೀಲು ಹೊಡೆದ, ಓದಲು ಬೇಜಾರಾಗುವ ಕೋಷ್ಟಕ. ಬೇಜಾರಿನದನ್ನೇ ಮೊದಲು ತೆರೆಯಿರಿ.

ನೋಡಬೇಕಾದದ್ದು ಕನ್ಸಾಲಿಡೇಟೆಡ್ ಲೆಕ್ಕ. ಅಂದರೆ ಅಂಗಸಂಸ್ಥೆಗಳನ್ನೂ ಸೇರಿಸಿದ್ದು. ತಾಯಿ ಕಂಪನಿ ಒಂದೇ ನೋಡಿದರೆ ಲಾಭ, ಮಕ್ಕಳನ್ನು ಸೇರಿಸಿದರೆ ನಷ್ಟ ಅನ್ನುವ ಮನೆಗಳೂ ಇವೆ. ಆಮೇಲೆ ಹೋದ ವರ್ಷದ ಇದೇ ಮೂರು ತಿಂಗಳ ಕಾಲಂ ಜೊತೆ ಹೋಲಿಸಿ. ಫ್ಯಾನ್, ಎಸಿ ಮಾರುವವರು ಡಿಸೆಂಬರ್‌ಗಿಂತ ಮಾರ್ಚ್‌ನಲ್ಲಿ ಹೆಚ್ಚು ಮಾರಾಟ ಮಾಡಿದರೆ ಅದರಲ್ಲಿ ದೊಡ್ಡ ಸಾಧನೆಯೇನೂ ಇಲ್ಲ, ಬೇಸಿಗೆ ಬಂತು ಅಷ್ಟೇ. "ಇತರೆ ಆದಾಯ" ಅನ್ನೋ ಸಾಲು ಏಕಾಏಕಿ ಉಬ್ಬಿದೆಯಾ ನೋಡಿ. ಜಮೀನು ಮಾರಿ ಬಂದ ದುಡ್ಡೂ ಲಾಭದಲ್ಲಿ ಬಂದು ಕೂರುತ್ತದೆ.

ಕೊನೆಗೆ ಕೋಷ್ಟಕದ ಕೆಳಗಿರುವ ಪುಟ್ಟ ಅಕ್ಷರದ ಟಿಪ್ಪಣಿಗಳು. ಕೆಟ್ಟ ಸುದ್ದಿ ವಾಸ ಮಾಡುವ ವಠಾರ ಅದು.

ಇಷ್ಟಾದ ಮೇಲೆ ಪ್ರೆಸ್ ರಿಲೀಸ್ ತೆರೆದು, ಯಾವ ಅಂಕಿಯನ್ನು ದೊಡ್ಡಕ್ಷರದಲ್ಲಿ ಹಾಕಿದ್ದಾರೆ ಅಂತ ನೋಡಿ. ಹೋದ ಸಲ ನಿವ್ವಳ ಲಾಭವನ್ನು ಮೇಲೆ ಹಾಕಿದ್ದವರು ಈ ಸಲ ಮಾರಾಟವನ್ನು ಮೇಲೆ ಹಾಕಿದರೆ, ಲಾಭಕ್ಕೆ ಏನೋ ಆಗಿದೆ. ಅಳತೆಗೋಲು ಬದಲಾದದ್ದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

ಕಾನ್‌ಕಾಲ್: ಉತ್ತರಕ್ಕಿಂತ ಪ್ರಶ್ನೆ ಓದಿ

ಫಲಿತಾಂಶದ ನಂತರ ಹಲವು ಕಂಪನಿಗಳು ವಿಶ್ಲೇಷಕರ ಜೊತೆ ಫೋನ್ ಸಭೆ ನಡೆಸುತ್ತವೆ. ಅದೇ ಕಾನ್‌ಕಾಲ್. ನಡೆಸಲೇಬೇಕು ಅಂತ ಕಡ್ಡಾಯವಿಲ್ಲ. ನಡೆಸಿದರೆ ಮಾತ್ರ ಧ್ವನಿಮುದ್ರಣವನ್ನು 24 ಗಂಟೆಯೊಳಗೆ, ಅಥವಾ ಅದಕ್ಕೂ ಮೊದಲೇ ಮುಂದಿನ ವಹಿವಾಟಿನ ದಿನ ಬಂದರೆ ಅದು ಶುರುವಾಗುವ ಮೊದಲು, ಹಾಕಬೇಕು. ಬರಹರೂಪದ ಪ್ರತಿಗೆ ಐದು ಕೆಲಸದ ದಿನ. ಮೊದಲೆಲ್ಲ ಇದು ದೊಡ್ಡ ಫಂಡ್‌ಗಳ ಮನೆಯೊಳಗಿನ ಮಾತಾಗಿತ್ತು. ಈಗ ಸಿರಸಿಯಲ್ಲಿ ಕೂತವರಿಗೂ ಮುಂಬೈನಲ್ಲಿ ಕೂತವರಿಗೂ ಒಂದೇ ಕಾಗದ.

ಪ್ರತಿಯ ಮೊದಲ ನಾಲ್ಕೈದು ಪುಟ ಆಡಳಿತದವರ ಭಾಷಣ. ಹಾರಿಸಿ. ಅದನ್ನು ವಕೀಲರೂ ಪಿಆರ್‌ನವರೂ ತಿದ್ದಿ ತೀಡಿರುತ್ತಾರೆ. ಪ್ರಶ್ನೋತ್ತರಕ್ಕೆ ಬನ್ನಿ. ಅಲ್ಲಿ ಪ್ರತಿಯೊಬ್ಬರೂ "ಒಳ್ಳೆಯ ಫಲಿತಾಂಶಕ್ಕೆ ಅಭಿನಂದನೆಗಳು ಸರ್" ಅಂತಲೇ ಶುರು ಮಾಡುತ್ತಾರೆ. ಲಾಭ ಅರ್ಧಕ್ಕೆ ಇಳಿದಿದ್ದರೂ ಈ ಸಾಲು ತಪ್ಪುವುದಿಲ್ಲ. ಮದುವೆಮನೆಯಲ್ಲಿ "ಊಟ ಚೆನ್ನಾಗಿತ್ತು" ಅನ್ನೋ ಹಾಗೆ.

ಒಂದೇ ಪ್ರಶ್ನೆಯನ್ನು ಮೂರು ಜನ ಮೂರು ರೀತಿ ಕೇಳಿದ್ದಾರಾ? ಹಾಗಾದರೆ ಮೊದಲಿಬ್ಬರಿಗೆ ಉತ್ತರ ಸಿಕ್ಕಿಲ್ಲ. "ಆ ವಿವರ ನಾವು ಕೊಡುವುದಿಲ್ಲ" ಅಂದರೆ, ಹೋದ ವರ್ಷ ಕೊಟ್ಟಿದ್ದರಾ ಅಂತ ಹಿಂದಿನ ಪ್ರತಿ ತೆಗೆದು ನೋಡಿ. ಕೊಟ್ಟಿದ್ದು ಈಗ ನಿಲ್ಲಿಸಿದ್ದರೆ ದೊಡ್ಡಕ್ಷರದಲ್ಲಿ ಬರೆದುಕೊಳ್ಳಿ. "ಅದನ್ನು ಆಫ್‌ಲೈನ್ ಮಾತಾಡೋಣ" ಅನ್ನೋದು ಇನ್ನೊಂದು. ಎಲ್ಲರಿಗೂ ಗೊತ್ತಿರುವ ಸಂಗತಿಯಾದರೆ ಅಲ್ಲೇ ಹೇಳಬಹುದಿತ್ತು. ಗೊತ್ತಿಲ್ಲದ, ಬೆಲೆಯನ್ನೇ ಅಲುಗಾಡಿಸುವ ಸಂಗತಿಯಾದರೆ ಒಬ್ಬರಿಗೆ ಮಾತ್ರ ಹೇಳುವ ಹಾಗಿಲ್ಲ.

ಇನ್ನು ಗೈಡೆನ್ಸ್. ಮುಂದಿನ ವರ್ಷ ಇಷ್ಟು ಬೆಳೆಯುತ್ತೇವೆ ಅಂತ ಕಂಪನಿಯೇ ಕೊಡುವ ಅಂದಾಜು. ಇನ್ಫೋಸಿಸ್ ಇದನ್ನು ವರ್ಷಗಳಿಂದ ಕೊಡುತ್ತಾ ಬಂದಿದೆ, ಅದರ ಬಿಸಿಯನ್ನೂ ಅನುಭವಿಸಿದೆ. 2013ರ ಏಪ್ರಿಲ್ 12ರಂದು ಶೇ 6ರಿಂದ 10ರಷ್ಟು ಬೆಳವಣಿಗೆ ಅಂದಿತು. ಮಾರುಕಟ್ಟೆ ಜಾಸ್ತಿ ನಿರೀಕ್ಷಿಸಿತ್ತು. ಒಂದೇ ದಿನದಲ್ಲಿ ಷೇರು ಸುಮಾರು ಶೇ 21 ಇಳಿಯಿತು. ಕಂಪನಿ ನಷ್ಟ ಮಾಡಿರಲಿಲ್ಲ, ಬೆಳೆಯುವುದಿಲ್ಲ ಅಂತಲೂ ಅಂದಿರಲಿಲ್ಲ. ಜನರ ತಲೆಯಲ್ಲಿದ್ದ ಅಂಕಿಗೂ ಕಾಗದದ ಮೇಲಿನ ಅಂಕಿಗೂ ನಡುವಿನ ಅಂತರಕ್ಕೆ ಬಿದ್ದ ಪೆಟ್ಟು ಅದು. ನನ್ನ ಕೇಳಿದರೆ, ಕಡಿಮೆ ಅಂಕಿಯನ್ನು ಮುಖಕ್ಕೆ ಮುಖ ಕೊಟ್ಟು ಹೇಳುವ ಕಂಪನಿ, ಪ್ರತಿ ಸಲ ದೊಡ್ಡ ಅಂಕಿ ಹೇಳಿ ಪ್ರತಿ ಸಲ ತಪ್ಪಿಸುವ ಕಂಪನಿಗಿಂತ ಎಷ್ಟೋ ವಾಸಿ.

ವಾರ್ಷಿಕ ವರದಿಯನ್ನು ಹಿಂದಿನಿಂದ ಓದಿ

ಮುನ್ನೂರು ಪುಟದ ಪಿಡಿಎಫ್. ಮೊದಲ ಅರವತ್ತು ಪುಟದಲ್ಲಿ ನಗುವ ಮಕ್ಕಳು, ಗಾಳಿಯಂತ್ರ, ಹಸಿರು ಎಲೆ. ಕಂಪನಿ ಸಿಮೆಂಟ್ ಮಾಡುತ್ತದೋ ಸಾಫ್ಟ್‌ವೇರ್ ಮಾಡುತ್ತದೋ ಗೊತ್ತೇ ಆಗುವುದಿಲ್ಲ. ಅದನ್ನು ದಾಟಿ ನೇರ ಆಡಿಟರ್ ವರದಿಗೆ ಹೋಗಿ.

ಇಲ್ಲೊಂದು ಪದ ನಮ್ಮನ್ನು ಮೋಸಗೊಳಿಸುತ್ತದೆ. "ಕ್ವಾಲಿಫೈಡ್" ಅಂದರೆ ನಮ್ಮ ಕಿವಿಗೆ ಅರ್ಹತೆ ಪಡೆದದ್ದು, ಪಾಸಾದದ್ದು ಅಂತ ಕೇಳಿಸುತ್ತದೆ. ಆಡಿಟರ್ ಭಾಷೆಯಲ್ಲಿ "ಕ್ವಾಲಿಫೈಡ್ ಒಪಿನಿಯನ್" ಅಂದರೆ ತಕರಾರು ಇದೆ ಅಂತ. "ಈ ಒಂದು ವಿಷಯ ಬಿಟ್ಟರೆ ಲೆಕ್ಕ ಸರಿ ಇದೆ" ಅನ್ನೋ ಅರ್ಥ. ಬೇಕಾದದ್ದು ಅನ್‌ಮಾಡಿಫೈಡ್, ಅಂದರೆ ಯಾವ ತಕರಾರೂ ಇಲ್ಲದ್ದು. ಅಡ್ವರ್ಸ್ ಅಂದರೆ ಲೆಕ್ಕವೇ ಸರಿ ಇಲ್ಲ. ಡಿಸ್‌ಕ್ಲೇಮರ್ ಅಂದರೆ ಅಭಿಪ್ರಾಯ ಹೇಳುವಷ್ಟು ಆಧಾರವೇ ಸಿಗಲಿಲ್ಲ. "ಎಂಫಸಿಸ್ ಆಫ್ ಮ್ಯಾಟರ್" ಅಂತ ಒಂದು ಪ್ಯಾರಾ ಇದ್ದರೆ ಅದು ತಕರಾರಲ್ಲ, ಆದರೆ "ಇಲ್ಲಿ ಸ್ವಲ್ಪ ನೋಡಿಕೊಳ್ಳಿ" ಎಂದು ಆಡಿಟರ್ ಮೊಣಕೈಯಲ್ಲಿ ತಿವಿದ ಹಾಗೆ.

ಎರಡನೆಯದು ನಗದು ಹರಿವಿನ ಪಟ್ಟಿ, ಅಂದರೆ ಕ್ಯಾಶ್ ಫ್ಲೋ. ಇದು ಕಷ್ಟದ ವಿಷಯ ಅಂತ ಎಲ್ಲರೂ ಹೆದರಿಸುತ್ತಾರೆ. ಉದ್ರಿ ವ್ಯಾಪಾರ ನೋಡಿದವರಿಗೆ ಇದು ಕಷ್ಟವೇ ಅಲ್ಲ. ಕಿರಾಣಿ ಅಂಗಡಿಯವರು ತಿಂಗಳಲ್ಲಿ ಎರಡು ಲಕ್ಷದ ಮಾಲು ಮಾರಿ ಇಪ್ಪತ್ತು ಸಾವಿರ ಲಾಭ ಬರೆದುಕೊಂಡರು ಅನ್ನಿ. ಅದರಲ್ಲಿ ಒಂದೂವರೆ ಲಕ್ಷ ಉದ್ರಿ. ಪುಸ್ತಕದಲ್ಲಿ ಲಾಭ, ಗಲ್ಲಾಪೆಟ್ಟಿಗೆ ಖಾಲಿ. ಮುಂದಿನ ತಿಂಗಳ ಮಾಲು ತರಲು ಅವರು ಸಾಲ ಮಾಡಬೇಕು. ದೊಡ್ಡ ಕಂಪನಿಯದ್ದೂ ಇದೇ ಕಥೆ, ಸೊನ್ನೆಗಳು ಜಾಸ್ತಿ ಅಷ್ಟೇ. ಐದು ವರ್ಷದ ನಿವ್ವಳ ಲಾಭ ಕೂಡಿಸಿ. ಅದೇ ಐದು ವರ್ಷ ವ್ಯವಹಾರದಿಂದ ಬಂದ ನಗದು ಕೂಡಿಸಿ. ಎರಡೂ ಹತ್ತಿರಹತ್ತಿರ ಇದ್ದರೆ ನೆಮ್ಮದಿ. ನಗದು ಅರ್ಧವೂ ಇಲ್ಲದಿದ್ದರೆ "ಟ್ರೇಡ್ ರಿಸೀವಬಲ್ಸ್" ಸಾಲು ನೋಡಿ. ಅದೇ ಉದ್ರಿ ಪುಸ್ತಕ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವುಗಳ ಮಾಲೇ ದುಡ್ಡು.

ಮೂರನೆಯದು ರಿಲೇಟೆಡ್ ಪಾರ್ಟಿ ವಹಿವಾಟು. ಕಂಪನಿ ತನ್ನ ಮಾಲೀಕರ ಮನೆಯವರ ಕಂಪನಿಗಳ ಜೊತೆ ಮಾಡಿದ ವ್ಯವಹಾರ. ಬಾಡಿಗೆ, ಸಾಲ, ಖರೀದಿ, ಸಂಬಳ ಎಲ್ಲ ಹೆಸರಿನ ಸಮೇತ ಇರುತ್ತದೆ. ಅಣ್ಣನ ಕಂಪನಿಗೆ ಕೊಟ್ಟ ಸಾಲ ವರ್ಷವರ್ಷ ಬೆಳೆಯುತ್ತಿದ್ದರೆ, ಅದರಲ್ಲಿ ನಿಮ್ಮ ದುಡ್ಡೂ ಇದೆ.

ಸತ್ಯಂನ ಮೂರು ವಾರ

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನಿಸಿದರೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ನೆನಪಿಸಿಕೊಳ್ಳಿ. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಮಂಡಳಿಗೆ ಬರೆದ ಪತ್ರ ಎಲ್ಲರಿಗೂ ಗೊತ್ತು. ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಅವರೇ ಒಪ್ಪಿಕೊಂಡರು. ಹುಲಿಯ ಮೇಲೆ ಸವಾರಿ ಮಾಡಿದ ಹಾಗಿತ್ತು, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ಗೊತ್ತಾಗಲಿಲ್ಲ ಎಂದರು. ಆ ದಿನ ಷೇರಿನ ಮುಕ್ಕಾಲು ಬೆಲೆ ಹೋಯಿತು.

ನನಗೆ ಆ ಪತ್ರಕ್ಕಿಂತ ಅದರ ಹಿಂದಿನ ಮೂರು ವಾರ ಮುಖ್ಯ ಅನ್ನಿಸುತ್ತದೆ. ಡಿಸೆಂಬರ್ 16ರಂದು ಸತ್ಯಂ, ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್ಫ್ರಾ ಎಂಬ ಎರಡು ಕಂಪನಿ ಕೊಳ್ಳುವುದಾಗಿ ಘೋಷಿಸಿತು. ಮೊತ್ತ 160 ಕೋಟಿ ಡಾಲರ್. ಎರಡೂ ರಾಜು ಕುಟುಂಬದ ಕಂಪನಿಗಳು. ಸತ್ಯಂ ಅನ್ನೋದನ್ನು ಇಂಗ್ಲಿಷಿನಲ್ಲಿ ತಿರುಗಿಸಿ ಬರೆದರೆ ಮೇಟಾಸ್ ಆಗುತ್ತದೆ, ಅಷ್ಟು ಹತ್ತಿರದ ಸಂಬಂಧ. ಸಾಫ್ಟ್‌ವೇರ್ ಕಂಪನಿಗೆ ಕಟ್ಟಡ, ರಸ್ತೆ ಏಕೆ ಅಂತ ಹೂಡಿಕೆದಾರರು ತಿರುಗಿ ಬಿದ್ದರು. ಕೆಲವೇ ಗಂಟೆಗಳಲ್ಲಿ ಕಂಪನಿ ಹಿಂದೆ ಸರಿಯಿತು. ತಿಂಗಳು ಮುಗಿಯುವಷ್ಟರಲ್ಲಿ ನಾಲ್ವರು ನಿರ್ದೇಶಕರು ರಾಜೀನಾಮೆ ಕೊಟ್ಟರು. ಪ್ರವರ್ತಕರ (ಕಂಪನಿ ಕಟ್ಟಿ ನಡೆಸುವ ಮಾಲೀಕರ) ಷೇರುಗಳು ಸಾಲಕ್ಕೆ ಅಡ ಇದ್ದವು ಅನ್ನೋದೂ ಆಗಲೇ ಹೊರಬಂತು.

ಸಂಬಂಧಿಕರ ಕಂಪನಿ ಖರೀದಿ, ರಾಜೀನಾಮೆ, ಅಡ. ಮೂರೂ ಪತ್ರಕ್ಕಿಂತ ಮೊದಲೇ ಬಹಿರಂಗವಾಗಿದ್ದವು. ಖರೀದಿ ರದ್ದಾಯಿತಲ್ಲ, ಬೆಲೆ ಬಿದ್ದಿದೆ, ಅಗ್ಗಕ್ಕೆ ಸಿಗುತ್ತಿದೆ ಅಂತ ಆ ಮೂರು ವಾರದಲ್ಲಿ ಕೊಂಡವರೂ ಇದ್ದರು. ಬೆಲೆಯ ಮಾತು ಕೇಳಿದವರು ಅವರು.

ಆ ಹಗರಣದ ನಂತರವೇ ಪ್ರವರ್ತಕರು ಅಡ ಇಟ್ಟ ಷೇರುಗಳ ವಿವರ ಕೊಡುವುದನ್ನು ಸೆಬಿ ಕಡ್ಡಾಯ ಮಾಡಿದ್ದು. ಈಗ ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇದೆ. ಅಡ ಇಟ್ಟವರೆಲ್ಲ ಕಳ್ಳರಲ್ಲ. ಆದರೆ ಷೇರಿನ ಬೆಲೆ ಬಿದ್ದರೆ ಸಾಲ ಕೊಟ್ಟವರು ಅಡವಿನ ಷೇರು ಮಾರುತ್ತಾರೆ, ಮಾರಿದಷ್ಟೂ ಬೆಲೆ ಬೀಳುತ್ತದೆ. ಆ ಕಾಲಂನ ಅಂಕಿ ಏರುತ್ತಾ ಹೋಗುತ್ತಿದೆಯಾ ಅನ್ನೋದನ್ನು ಬರೆದುಕೊಳ್ಳಿ.

ಈಗ ನಮ್ಮ ತಲೆಯ ವಿಷಯ

ಕಂಪನಿ ಎಷ್ಟೇ ನೆಟ್ಟಗೆ ಮಾತಾಡಿದರೂ ಕೇಳುವ ಕಿವಿ ನೆಟ್ಟಗಿರಬೇಕಲ್ಲ.

2021ರ ಏಪ್ರಿಲ್‌ನಿಂದ 2023ರ ಡಿಸೆಂಬರ್‌ವರೆಗೆ ಬಂದ 144 ಐಪಿಒಗಳನ್ನು (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು) ಸೆಬಿ ಅಧ್ಯಯನ ಮಾಡಿತು. ಐಪಿಒದಲ್ಲಿ ಷೇರಿನ ಬೆಲೆ ಶೇ 20ಕ್ಕಿಂತ ಹೆಚ್ಚು ಏರಿದಾಗ, ವೈಯಕ್ತಿಕ ಹೂಡಿಕೆದಾರರು ತಮಗೆ ಸಿಕ್ಕ ಷೇರುಗಳಲ್ಲಿ ಮೌಲ್ಯದ ಲೆಕ್ಕದಲ್ಲಿ ಶೇ 67.6ರಷ್ಟನ್ನು ಒಂದೇ ವಾರದಲ್ಲಿ ಮಾರಿದರು. ಬೆಲೆ ಇಳಿದಾಗ ಮಾರಿದ್ದು ಶೇ 23.3 ಮಾತ್ರ. ಗೆದ್ದದ್ದನ್ನು ಬೇಗ ಕೈಬಿಟ್ಟು, ಸೋತದ್ದನ್ನು ಎದೆಗವಚಿಕೊಳ್ಳುವ ಅಭ್ಯಾಸ. ಇದಕ್ಕೆ ಡಿಸ್ಪೊಸಿಷನ್ ಎಫೆಕ್ಟ್ ಅಂತ 1985ರಲ್ಲಿ ಹೆಸರಿಟ್ಟವರು ಶೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ಇಬ್ಬರು ವಿದ್ವಾಂಸರು. ದಾವಣಗೆರೆ ಮದುವೆಯ ನಂತರ ನಾನು ಮಾಡಿದ್ದೂ ಅದೇ. "ಹಾಕಿದ ದುಡ್ಡು ವಾಪಸ್ ಬರಲಿ" ಅನ್ನೋದು ನನ್ನ ಲೆಕ್ಕ. ನಾನು ಎಷ್ಟಕ್ಕೆ ಕೊಂಡೆ ಅಂತ ಆ ಕಂಪನಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ.

ಇದಕ್ಕೆ ನಾನು ಮಾಡಿಕೊಂಡ ಉಪಾಯ ಸರಳ. ಷೇರು ಒಂದೇ ದಿನ ಜೋರಾಗಿ ಬಿದ್ದರೆ, ಬ್ರೋಕರ್ ಆ್ಯಪ್ ತೆರೆಯುವ ಮೊದಲು ಎಕ್ಸ್‌ಚೇಂಜ್ ಪುಟ ತೆರೆಯುತ್ತೇನೆ. ಅಲ್ಲಿ ಕಂಪನಿ ಏನು ಹೇಳಿದೆ ಓದುತ್ತೇನೆ. ನೋಟ್‌ಬುಕ್‌ನ ಮೊದಲ ಪೇಜು ತೆಗೆದು, ಕೊಂಡ ಕಾರಣ ಇನ್ನೂ ನಿಂತಿದೆಯಾ ನೋಡುತ್ತೇನೆ. ಆಮೇಲೆ ಒಂದು ರಾತ್ರಿ ಮಲಗುತ್ತೇನೆ.

ಒಂದು ರಾತ್ರಿಯಲ್ಲಿ ಎಲ್ಲವೂ ಗೊತ್ತಾಗಿಬಿಡುತ್ತದೆ ಅಂತಲ್ಲ. 2019ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಆಡಳಿತದ ಮೇಲೆ ಹೆಸರು ಹೇಳದ ನೌಕರರು ದೂರು ಕೊಟ್ಟ ಸುದ್ದಿ ಬಂತು. ಅಕ್ಟೋಬರ್ 22ರಂದು ಷೇರು ಸುಮಾರು ಶೇ 16 ಬಿತ್ತು. ದೂರು ಬಂದದ್ದನ್ನು ಮೊದಲೇ ಏಕೆ ಹೇಳಲಿಲ್ಲ ಅಂತ ಕಂಪನಿಗೂ ಪ್ರಶ್ನೆಗಳು ಬಂದವು. 2020ರ ಜನವರಿಯಲ್ಲಿ ಆಡಿಟ್ ಕಮಿಟಿ, ತನಿಖೆಯಲ್ಲಿ ಅಕ್ರಮಕ್ಕೆ ಪುರಾವೆ ಸಿಗಲಿಲ್ಲ ಎಂದಿತು. ಅಕ್ಟೋಬರ್ 22ರ ಬೆಳಿಗ್ಗೆ ಇದು ಇನ್ನೊಂದು ಸತ್ಯಂ ಹೌದೋ ಅಲ್ಲವೋ ಅಂತ ಹೊರಗಿನವರಿಗೆ ಗೊತ್ತಾಗುವ ದಾರಿ ಇರಲಿಲ್ಲ. ಹತ್ತು ವರ್ಷದ ನಗದಿನ ಲೆಕ್ಕ ಓದಿಕೊಂಡಿದ್ದವರಿಗೆ ಮಾತ್ರ ಆತುರಪಡದೆ ಕಾಯಲು ಒಂದು ನೆಲೆ ಇತ್ತು.

ಟಿಪ್ ಬಂದಾಗ

ಇದನ್ನು ಬೇಗ ಮುಗಿಸುತ್ತೇನೆ. "ದೊಡ್ಡ ಆರ್ಡರ್ ಬಂದಿದೆ" ಅಂತ ಮೆಸೇಜ್ ಬಂದರೆ ಎಕ್ಸ್‌ಚೇಂಜ್ ಪುಟ ನೋಡಿ. ಅಲ್ಲಿ ಇದ್ದರೆ ಅದು ಎಲ್ಲರಿಗೂ ಗೊತ್ತು, ಗುಟ್ಟೇನೂ ಅಲ್ಲ. ಅಲ್ಲಿ ಇಲ್ಲದಿದ್ದರೆ ಒಂದೋ ಸುಳ್ಳು, ಇಲ್ಲವೇ ಒಳಗಿನ ಮಾಹಿತಿ. ಒಳಗಿನ ಮಾಹಿತಿ ಇಟ್ಟುಕೊಂಡು ಕೊಳ್ಳುವುದು ಅಪರಾಧ. ಎರಡೂ ಬೇಡ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳಾದರೆ, ಮಾಧ್ಯಮದಲ್ಲಿ ಬಂದ ವದಂತಿಯಿಂದ ಬೆಲೆ ಗಣನೀಯವಾಗಿ ಅಲುಗಾಡಿದಾಗ 24 ಗಂಟೆಯೊಳಗೆ ಹೌದು ಅಥವಾ ಅಲ್ಲ ಅನ್ನಬೇಕು. ಆ ನಿಯಮ 2024ರಲ್ಲಿ ಹಂತಹಂತವಾಗಿ ಜಾರಿಗೆ ಬಂತು. ಒಂದು ದಿನ ಕಾದರೆ ಕಳೆದುಕೊಳ್ಳೋದು ಏನೂ ಇಲ್ಲ.

ಕಂಪನಿಯಲ್ಲೇ ಕೆಲಸ ಮಾಡುವ ಸ್ನೇಹಿತರನ್ನು "ಈ ಕ್ವಾರ್ಟರ್ ಹೇಗಿದೆ?" ಅಂತ ಕೇಳಬೇಡಿ. ಪಾಪ, ಅವರ ಕೆಲಸಕ್ಕೇ ಕುತ್ತು.

ಟ್ರಂಕಿನಲ್ಲಿರುವ ಕಾಗದ

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜ ಕೊಂಡ ಬ್ಯಾಂಕ್ ಷೇರಿನ ಸರ್ಟಿಫಿಕೇಟು ಇನ್ನೂ ಟ್ರಂಕಿನಲ್ಲಿದೆ. ಕಂಪನಿ ಅವರ ಜೊತೆಗೂ ಮಾತಾಡುತ್ತಿದೆ, ಆದರೆ ಪತ್ರ ಹೋಗುತ್ತಿರುವುದು ಮೂವತ್ತು ವರ್ಷದ ಹಿಂದಿನ ವಿಳಾಸಕ್ಕೆ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಆ ದುಡ್ಡು ಮಾತ್ರವಲ್ಲ, ಷೇರುಗಳೂ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತವೆ. ಹೋದರೂ ವಾಪಸ್ ಪಡೆಯಬಹುದು. ಐಇಪಿಎಫ್-5 ಅನ್ನೋ ಫಾರಂ ತುಂಬಬೇಕು, ಓಡಾಟ ಸಾಕಷ್ಟಿದೆ. ಹೋಗುವ ಮೊದಲೇ ಕಂಪನಿಯ ರಿಜಿಸ್ಟ್ರಾರ್‌ಗೆ ಬರೆದು ವಿಳಾಸ, ಪ್ಯಾನ್, ಬ್ಯಾಂಕ್ ಖಾತೆ, ಇಮೇಲ್ ಸರಿಪಡಿಸಿ, ಷೇರನ್ನು ಡಿಮ್ಯಾಟ್ ಮಾಡಿಸಿಕೊಳ್ಳಿ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಹಾಗೇ ಬೇರೆಯವರಿಗೆ ಮಾರಲು ಆಗುವುದಿಲ್ಲ.

ಉತ್ತರ ಬರದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಿ. ಕಂಪನಿಗೆ 21 ದಿನದ ಗಡುವಿದೆ.

ವರ್ಷಕ್ಕೊಮ್ಮೆ ನಮ್ಮ ಸರದಿ

ಮೊದಲೆಲ್ಲ ಎಜಿಎಂ ಅಂದರೆ ಕಲ್ಯಾಣ ಮಂಟಪದ ವಾತಾವರಣ. ತಿಂಡಿ ಪೊಟ್ಟಣ, ಸ್ವೀಟ್ ಬಾಕ್ಸ್, ಒಂದು ಸ್ಟೀಲ್ ಡಬ್ಬಿ. ಉಡುಗೊರೆ ಕೊಡಬಾರದು ಅಂತ 2015ರಲ್ಲಿ ನಿಯಮ ಬಂತು. 2020ರ ನಂತರ ಬಹುಪಾಲು ಸಭೆ ವೀಡಿಯೊದಲ್ಲಿ ನಡೆಯುತ್ತಿವೆ. ತಿಂಡಿ ಹೋಯಿತು, ಆದರೆ ಬೀದರ್‌ನಲ್ಲಿ ಕೂತು ಮುಂಬೈ ಕಂಪನಿಯ ಅಧ್ಯಕ್ಷರನ್ನು ಪ್ರಶ್ನೆ ಕೇಳುವ ಅವಕಾಶ ಬಂತು.

ಸಭೆಗೆ ಕನಿಷ್ಠ 21 ದಿನ ಮೊದಲು ನೋಟಿಸ್ ಬರುತ್ತದೆ. ಶುರುವಿನಲ್ಲಿ ಹೇಳಿದ್ದು ಇದೇ ಇಮೇಲ್. ಅದರಲ್ಲಿ ನಾಲ್ಕು ದಿನಾಂಕ ಗುರುತು ಮಾಡಿಕೊಳ್ಳಿ: ಸಭೆ, ಇ-ವೋಟಿಂಗ್ ಶುರು ಮತ್ತು ಕೊನೆ, ಸ್ಪೀಕರ್ ಆಗಿ (ಸಭೆಯಲ್ಲಿ ಮಾತಾಡಲು) ಹೆಸರು ಕೊಡುವ ಕೊನೆಯ ದಿನ. ಮತ ಹಾಕಲು ಐದು ನಿಮಿಷ ಸಾಕು. ನನ್ನ ಹತ್ತು ಷೇರಿನಿಂದ ಏನಾಗುತ್ತೆ ಅನ್ನಿಸುತ್ತದೆ. ಆದರೆ ದೊಡ್ಡ ರಿಲೇಟೆಡ್ ಪಾರ್ಟಿ ವ್ಯವಹಾರಗಳಿಗೆ ಒಪ್ಪಿಗೆ ಕೇಳುವಾಗ ಆ ಸಂಬಂಧಿತರು ಪರವಾಗಿ ಮತ ಹಾಕುವಂತಿಲ್ಲ. ಅಲ್ಲಿ ತೀರ್ಮಾನ ಉಳಿದವರದ್ದೇ.

ಪ್ರಶ್ನೆ ಕೇಳುವುದಾದರೆ ನೋಟ್‌ಬುಕ್ ನೋಡಿ ಕೇಳಿ. "ಬೋನಸ್ ಯಾವಾಗ?" ಅಂದರೆ "ಮಂಡಳಿ ಸೂಕ್ತ ಸಮಯದಲ್ಲಿ ಪರಿಶೀಲಿಸುತ್ತದೆ" ಅನ್ನುವ ಸಿದ್ಧ ಉತ್ತರ ಸಿಗುತ್ತದೆ. ಬದಲಿಗೆ ಹೀಗೆ: "ಹೋದ ವರ್ಷದ ವರದಿಯಲ್ಲಿ ಹೊಸ ಘಟಕ ಮಾರ್ಚ್‌ಗೆ ಶುರುವಾಗುತ್ತದೆ ಎಂದಿದ್ದಿರಿ. ಶುರುವಾಗಿದೆಯೇ? ಅಂದುಕೊಂಡಿದ್ದಕ್ಕಿಂತ ಖರ್ಚು ಎಷ್ಟು ಜಾಸ್ತಿಯಾಯಿತು?" ಪುಟದ ನಂಬರ್ ಹೇಳಿದರೆ ಇನ್ನೂ ಒಳ್ಳೆಯದು. ಮಾತಾಡಲು ಸಂಕೋಚವಾದರೆ ಕಂಪನಿ ಸೆಕ್ರೆಟರಿಗೆ ಮೇಲ್ ಮಾಡಿ. ವಿಳಾಸ ನೋಟಿಸ್‌ನಲ್ಲೇ ಇರುತ್ತದೆ. ನಿಮ್ಮ ಡಿಪಿ ಐಡಿ, ಕ್ಲೈಂಟ್ ಐಡಿ (ಡಿಮ್ಯಾಟ್ ಖಾತೆಯ ಸಂಖ್ಯೆಗಳು) ಬರೆಯುವುದನ್ನು ಮರೆಯಬೇಡಿ.

ಭಾವ ಹೇಳಿದ ಆ ಕಂಪನಿಯ ಸಭೆಯಲ್ಲಿ ನಾನೂ ಹೆಸರು ಕೊಟ್ಟೆ. ನನ್ನ ನಂಬರ್ ಹದಿನಾಲ್ಕು. ನನಗಿಂತ ಮುಂಚಿನವರಲ್ಲಿ ಇಬ್ಬರು ಮ್ಯೂಟ್ ತೆಗೆಯಲಾಗದೆ ಹೋದರು, ಒಬ್ಬರು ಅಧ್ಯಕ್ಷರ ಮೇಲೆ ಕವಿತೆ ಓದಿದರು. ನನ್ನ ಸರದಿ ಬಂದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. "ವರ್ಷದ ಎರಡನೇ ಅರ್ಧ ಚೆನ್ನಾಗಿರುತ್ತದೆ ಎಂದು ಮೂರು ವರ್ಷ ಹೇಳಿದ್ದೀರಿ, ಮೂರು ವರ್ಷವೂ ಏಕೆ ಆಗಲಿಲ್ಲ?" ಎಂದು ಕೇಳಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷರು, ಒಳ್ಳೆಯ ಪ್ರಶ್ನೆ, ನಮ್ಮ ತಂಡ ನಿಮಗೆ ಮೇಲ್‌ನಲ್ಲಿ ಉತ್ತರ ಕಳಿಸುತ್ತದೆ ಎಂದರು. ಎಡಗಡೆ ಕಾಲಂನಲ್ಲಿ ಬರೆದುಕೊಂಡೆ. ಎರಡು ತಿಂಗಳು ಕಾದೆ. ಬಲಗಡೆ ಇನ್ನೂ ಖಾಲಿ ಇತ್ತು. ಒಂದು ಸೋಮವಾರ ಬೆಳಿಗ್ಗೆ, ಶೇ 35 ನಷ್ಟದಲ್ಲಿ, ಅಷ್ಟೂ ಷೇರು ಮಾರಿದೆ.